ನಾಲ್ಕು ಪಾತ್ರೆ ರಾಮೆನ್

ಸುಳ್ಳು ಹೇಳುವುದರಲ್ಲಿ ನಾನು ಅಷ್ಟೇನೂ ಕಚ್ಚಾ ಅಲ್ಲ. ಒಂದು ಸುಳ್ಳನ್ನಂತೂ ದೊಡ್ಡಬಳ್ಳಾಪುರದಲ್ಲಿ ಯಾರಿಗೂ ಅನುಮಾನ ಬಾರದ ಹಾಗೆ ನಾಲ್ಕು ತಿಂಗಳು ಸಾಕಿದ್ದೆ. ಅದು ರಾಮೆನ್ ಬಗ್ಗೆ.

ತೊಂಬತ್ತೈದರ ಸುಮಾರಿನ ಮಾತು. ನಾನು ಕೆಲಸಕ್ಕಿದ್ದ ಜವಳಿ ಕಾರ್ಖಾನೆಗೆ ಜಪಾನಿನಿಂದ ಹೊಸ ಮಗ್ಗಗಳು ಬಂದವು. ಅವುಗಳ ರಿಪೇರಿ ಕಲಿಯಲು ಒಂದು ತಿಂಗಳು ಅಲ್ಲಿಗೆ ಹೋಗಿಬರುವ ಯೋಗ, ಮಗ್ಗದ ಸದ್ದಿನಲ್ಲೇ ಹುಟ್ಟಿ ಬೆಳೆದವನು ಎಂಬ ಕಾರಣಕ್ಕೆ ನನಗೆ ಬಂತು. ಮೊದಲ ಸಂಜೆಯೇ ನನ್ನ ಮುಂದೆ ದೊಡ್ಡ ಬೋಗುಣಿಯಲ್ಲಿ ರಾಮೆನ್ ಇಟ್ಟರು. ಬಿಸಿ ಸಾರು, ಅದರೊಳಗೆ ಉದ್ದುದ್ದ ಶ್ಯಾವಿಗೆ, ಮೇಲೆ ಅರ್ಧ ಮೊಟ್ಟೆ. ಸಾರು ಏತರದ್ದು ಎಂದು ಕೇಳಿದೆ. ಹಂದಿ ಮೂಳೆಯದ್ದು ಎಂದರು. ನಮ್ಮದು ಮೊಟ್ಟೆಯ ಸಿಪ್ಪೆಯೂ ಹೊಸ್ತಿಲು ದಾಟದ ಮನೆ. ಬೋಗುಣಿಗೆ ಕೈಮುಗಿದು ಎದ್ದುಬಿಟ್ಟೆ.

ಇಷ್ಟನ್ನೇ ಊರಿಗೆ ಬಂದು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಜಪಾನಿಗೆ ಹೋದವನು ಅಲ್ಲಿಯ ಊಟವನ್ನೇ ಮುಟ್ಟದೆ ಬಂದ ಎಂದರೆ ಮರ್ಯಾದೆ ಏನುಳಿಯಿತು? "ತರಕಾರಿ ರಾಮೆನ್ನೂ ಮಾಡ್ತಾರೆ, ದಿನಾ ಅದೇ ತಿಂತಿದ್ದೆ," ಎಂದುಬಿಟ್ಟೆ. ಅಲ್ಲಿಗೂ ನಿಲ್ಲಿಸಲಿಲ್ಲ. ಹೆಂಡತಿ ಸುಶೀಲ ಸಾರು ಬಡಿಸಿದಾಗಲೆಲ್ಲ, "ಚೆನ್ನಾಗಿದೆ. ಆದ್ರೆ ಆ ರಾಮೆನ್ ಸಾರಿನ ಹದ ಬರಲ್ಲ ಬಿಡು," ಎನ್ನುವ ಚಟ ಅಂಟಿಸಿಕೊಂಡೆ. ಅವಳು ಸೌಟನ್ನು ಮಾತ್ರ ಪಾತ್ರೆಗೆ ಸ್ವಲ್ಪ ಜೋರಾಗಿ ಬಿಡುತ್ತಿದ್ದಳು.

ಹೀಗಿರುವಾಗ ಹಯಾಶಿ ಬಂದರು! ಅಲ್ಲಿ ನನಗೆ ಕೆಲಸ ಕಲಿಸಿದ, ಹಾಸ್ಟೆಲಿನಲ್ಲಿ ನನ್ನ ಪಕ್ಕದ ಕೋಣೆಯಲ್ಲೇ ಇದ್ದ ಮೇಸ್ತ್ರಿ. ಕಾರ್ಖಾನೆಯ ಮಗ್ಗ ತಪಾಸಣೆಗೆ ಒಂದು ವಾರ ಬಂದವರು, ನಮ್ಮ ಮನೆಯ ಪವರ್‌ಲೂಮನ್ನೂ ನೋಡಬೇಕು ಎಂದರು. ಸುದ್ದಿ ಅಪ್ಪನ ಕಿವಿಗೆ ಬಿತ್ತು.

"ಶನಿವಾರ ಊಟಕ್ಕೆ ಕರಿಯೋ. ನೀನೇ ಕೈಯಾರೆ ಆ ರಾಮೆನ್ ಮಾಡಿ ಹಾಕು. ದಿನಾ ತಿಂದಿದ್ದೀಯಲ್ಲ!"

"ಹೌದು, ನಾವೂ ಆ ಹದ ಒಂದ್ಸಲ ನೋಡ್ಬಿಡೋಣ," ಎಂದಳು ಸುಶೀಲ. ರಾಮೆನ್ ಕುರಿತು ನಾಲ್ಕು ತಿಂಗಳಲ್ಲಿ ಅವಳಾಡಿದ ಮೊದಲ ಮಾತು.

ನಾನು ಅಲ್ಲಿ ಏನು ತಿಂದೆ, ಏನು ತಿನ್ನಲಿಲ್ಲ ಎಂದು ಕಣ್ಣಾರೆ ಕಂಡ ಏಕೈಕ ಸಾಕ್ಷಿ ನಮ್ಮ ಮನೆಯ ಚಾಪೆಯ ಮೇಲೆ ಕೂರಲಿತ್ತು. ಹಯಾಶಿ ಬಾಯಿಬಿಟ್ಟರೆ ನನ್ನ ಕಥೆ ಮುಗಿಯಿತು. ಅವರಿಗೆ ಕನ್ನಡ ಬಾರದು, ನಮ್ಮ ಮನೆಯವರಿಗೆ ಇಂಗ್ಲಿಷ್ ಬಾರದು ಎಂಬುದೊಂದೇ ಧೈರ್ಯ.

ರಾಮೆನ್ ಎಂಬ ಪದಾರ್ಥ ಒಂದೇ ಎಂದು ನಾನು ತಿಳಿದಿದ್ದೆ. ನಮ್ಮವರು ಅದನ್ನು ನಾಲ್ಕು ಮಾಡಿದರು.

"ನಂಗೆ ಶನಿವಾರದ ವ್ರತ ಕಣಪ್ಪಾ. ಈರುಳ್ಳಿ ಬೆಳ್ಳುಳ್ಳಿ ಸೋಕಬಾರ್ದು. ಪಾತ್ರೆನೂ ಬೇರೆ ಇಡು," ಎಂದರು ಅಮ್ಮ.

"ನಂಗೆ ಶುಗರು. ಮೈದಾ ಗೀದಾ ಬೇಡ, ರಾಗೀಲಿ ಮಾಡು," ಎಂದರು ಅಪ್ಪ.

ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆ ನಂಜುಂಡಣ್ಣ ತಲೆ ಎತ್ತಿದರು. "ನಂದು ಹೊಟ್ಟೆ ಹುಣ್ಣು ಗುರು. ಖಾರ ಹಾಕ್ಬೇಡ. ಹುಳೀನೂ ಬೇಡ."

"ನಿಮ್ಮನ್ನ ಯಾರು ಕರೆದ್ರು?" ಎಂದೆ, ರೇಗಿ.

"ಕರೀದೆ ಇರ್ತೀಯಾ?" ಎಂದರು.

ಶನಿವಾರ ಬೆಳಿಗ್ಗೆ ಆರಕ್ಕೆ ಕಾರ್ಯಾರಂಭ. ಜಪಾನಿನವರು ಹಿಟ್ಟಿಗೆ ಒಂದು ಬಗೆಯ ಸೋಡಾ ಹಾಕುತ್ತಾರೆ ಎಂದು ಕೇಳಿದ್ದೆ. ನಮ್ಮ ಮನೆಯಲ್ಲಿ ಸೋಡಾಕ್ಕೇನು ಬರ? ರೇಷ್ಮೆ ನೂಲಿನ ಅಂಟು ಬಿಡಿಸಲು ಬೇಯಿಸುವಾಗ ಹಾಕುವ ಸೋಡಾ ಅರ್ಧ ಮೂಟೆ ಇತ್ತು. ರೇಷ್ಮೆಗೆ ಹೊಳಪು ಕೊಡುವುದು ಶ್ಯಾವಿಗೆಗೆ ಕೊಡದೆ ಇರುತ್ತದೆಯೇ? ಹಿಡಿ ತುಂಬ ತೆಗೆದುಕೊಂಡೆ.

"ಅಯ್ಯೋ, ಅದು ನೂಲು ಬೇಯ್ಸೋದು ಕಣ್ರೀ! ಮನೆಮಂದಿನೆಲ್ಲ ಬೇಯಿಸ್ತೀರಾ?" ಸುಶೀಲ ನನ್ನ ಕೈಗೆ ಹೊಡೆದು, ಹಪ್ಪಳಕ್ಕೆ ಹಾಕುವ ಸೋಡಾ ಒಂದು ಚಿಟಿಕೆ ಹಾಕಿ ಹೋದಳು.

ಎಳೆ ತೆಗೆಯಲು ಅವಳ ತವರಿನ ಶ್ಯಾವಿಗೆ ಒರಳನ್ನು ಅಟ್ಟದಿಂದ ಇಳಿಸಿದೆ. ಬೆಂದ ಅಕ್ಕಿ ಉಂಡೆ ಹಾಕಿ ಮೇಲಿನ ಮರದ ಹಿಡಿ ಅದುಮಿದರೆ ಕೆಳಗೆ ಶ್ಯಾವಿಗೆ ಇಳಿಯುತ್ತದೆ. ಆದರೆ ನನ್ನದು ಹಸಿ ಗೋಧಿ ಹಿಟ್ಟು, ಕಲ್ಲಿನಂತಿತ್ತು. ಹಿಡಿಗೆ ಜೋತುಬಿದ್ದೆ. ಅಲ್ಲಾಡಲಿಲ್ಲ. ನಂಜುಂಡಣ್ಣ ಬಂದು ಹೊಟ್ಟೆ ಹುಣ್ಣನ್ನೂ ಮರೆತು ಜೋತುಬಿದ್ದರು. ಲಟ್! ಶ್ಯಾವಿಗೆ ಬರಲಿಲ್ಲ. ಹಿಡಿ ಕೈಗೆ ಬಂತು!

"ನಮ್ಮಜ್ಜಿ ಕಾಲದ್ದು," ಎಂದಳು ಸುಶೀಲ. ಮತ್ತೇನೂ ಹೇಳಲಿಲ್ಲ. ಹೇಳಿದ್ದರೆ ವಾಸಿಯಿತ್ತು.

ಕೊನೆಗೆ ಹಿಟ್ಟನ್ನು ಲಟ್ಟಿಸಿ, ಚಾಕುವಿನಿಂದ ಕೊಯ್ದು, ಎಳೆಗಳನ್ನು ನೂಲಿನ ಲಡಿಯ ಹಾಗೆ ಬಿದಿರು ಗಳುವಿಗೆ ನೇತುಹಾಕಿದೆ. ಅಪ್ಪ ಒಂದೆಳೆ ಎತ್ತಿ ಬೆಳಕಿಗೆ ಹಿಡಿದರು. "ಒಂದ್ಕಡೆ ದಪ್ಪ, ಒಂದ್ಕಡೆ ಸಣ್ಣ. ಇಂಥ ನೂಲನ್ನ ನಾನು ಮಗ್ಗದ ಹತ್ರಾನೂ ಬಿಟ್ಕೊಳಲ್ಲ." ಅಷ್ಟರಲ್ಲಿ ರಾಗಿ ಎಳೆಗಳು ತುಂಡುತುಂಡಾಗಿ ನೆಲ ಸೇರಿದವು. "ಅದು ನಂದಲ್ವೇನೋ?" ಎಂದರು.

ಆಮೇಲಿನದು ಹೇಳುವ ಹಾಗಿಲ್ಲ. ಇವರ ಮೂರು, ಹಯಾಶಿಗೆ ಬೆಳ್ಳುಳ್ಳಿ ಹಾಕಿದ್ದೊಂದು, ಒಟ್ಟು ನಾಲ್ಕು ಪಾತ್ರೆ, ಎರಡು ಒಲೆ, ಒಂದು ಸೌಟು. ಬೆಳ್ಳುಳ್ಳಿಯ ಸೌಟು ಅಮ್ಮನ ಪಾತ್ರೆಗೆ ಬಿತ್ತು. ಅದನ್ನು ಚೆಲ್ಲಿ ಮೊದಲಿನಿಂದ ಶುರುಮಾಡಿದೆ. ಅವಸರದಲ್ಲಿ ನಂಜುಂಡಣ್ಣನ ಪಾತ್ರೆಗೆ ಎರಡು ಸಲ ಮೆಣಸಿನಪುಡಿ ಹಾಕಿದೆ. ಹನ್ನೆರಡೂವರೆಗೆ ನಾಲ್ಕೂ ಪಾತ್ರೆಯಲ್ಲಿದ್ದದ್ದು ಗೋಡೆಗೆ ಪೋಸ್ಟರ್ ಅಂಟಿಸುವ ಹದಕ್ಕೆ ಬಂದಿತ್ತು.

ಒಂದು ಗಂಟೆಗೆ ಸರಿಯಾಗಿ ಹಯಾಶಿ ಬಂದರು. ಮಗ್ಗ ನೋಡಿದರು, ಚಾಪೆಯ ಮೇಲೆ ಕೂತರು. ಬಡಿಸಿದ್ದನ್ನು ಬಗ್ಗಿ ನೋಡಿ, ವಿನಯದಿಂದ, "ವಾಟ್ ಈಸ್ ದಿಸ್?" ಎಂದರು.

"ರಾಮೆನ್," ಎಂದೆ.

ಅವರು ತಟ್ಟೆ ನೋಡಿದರು. ನನ್ನನ್ನು ನೋಡಿದರು. ಆಮೇಲೆ ನಗತೊಡಗಿದರು. "ರಾಮೆನ್? ಯೂ? ನೋ, ನೋ! ಇನ್ ಜಪಾನ್, ಯೂ ನೋ ಈಟ್ ರಾಮೆನ್! ಎವೆರಿ ನೈಟ್, ರೈಸ್... ವೈಫ್ ಪೌಡರ್... ಹಾಟ್ ವಾಟರ್..." ಎರಡು ಬೆರಳನ್ನು ಕಣ್ಣಿನಿಂದ ಕೆನ್ನೆಗೆ ಇಳಿಸಿ ತೋರಿಸಿದರು. "ಕ್ರೈ!"

"ಏನಂತೋ?" ಎಂದರು ಅಪ್ಪ.

"ಹದ ಅಮೋಘವಾಗಿದೆಯಂತೆ ಅಪ್ಪಾ. ಕಣ್ಣಲ್ಲಿ ನೀರೇ ಬಂತಂತೆ."

ಸುಶೀಲ ಪಿ.ಯು.ಸಿ.ಯಲ್ಲಿ ಇಂಗ್ಲಿಷಿಗೆ ಕ್ಲಾಸಿಗೇ ಮೊದಲು ಬಂದವಳು ಎಂಬುದು ನನಗೆ ನೆನಪಾದದ್ದು ಆಗ!

"ಹಂಗಲ್ಲ ಮಾವ," ಎಂದಳು. "ಇವರು ಅಲ್ಲಿ ಒಂದಿನಾನೂ ರಾಮೆನ್ ತಿಂದಿಲ್ವಂತೆ. ನಾನು ಕಟ್ಕೊಟ್ಟಿದ್ದ ಸಾರಿನ ಪುಡಿನ ಬಿಸಿನೀರಿಗೆ ಹಾಕಿ, ಅನ್ನಕ್ಕೆ ಕಲಸ್ಕೊಂಡು, ದಿನಾ ಅಳ್ತಾ ತಿಂತಿದ್ರಂತೆ." ಅಳ್ತಾ ಎನ್ನುವಾಗ ಅವಳ ದನಿ ಒಂಚೂರು ತಡವರಿಸಿತು.

ನನಗೆ ತಲೆ ಎತ್ತಲಾಗಲಿಲ್ಲ. ಅತ್ತದ್ದು ನಿಜ. ಆ ಪುಡಿಯ ಪೊಟ್ಟಣ ಬಿಚ್ಚಿದರೆ ಸಾಕು, ಅವಳೇ ಎದುರು ನಿಂತ ಹಾಗಾಗಿ ದುಃಖ ಒತ್ತರಿಸಿ ಬರುತ್ತಿತ್ತು. ಅದನ್ನು ಬಂದ ದಿನವೇ ಅವಳಿಗೆ ಹೇಳುವುದು ಬಿಟ್ಟು, ನಾಲ್ಕು ತಿಂಗಳು ಅದೇ ಸಾರನ್ನು ಹೀಗಳೆಯುತ್ತ ಕೂತಿದ್ದೆನಲ್ಲ, ನನ್ನಂಥ ದಡ್ಡ ಈ ತಾಲ್ಲೂಕಿನಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ.

ಸುಶೀಲ ಒಳಗೆ ಹೋದಳು. ಅನ್ನ, ಮುದ್ದೆ, ಒಂದು ಪಾತ್ರೆ ತಿಳಿಸಾರು ಹೊತ್ತು ತಂದಳು. ಯಾವಾಗ ಮಾಡಿದ್ದಳೋ! ಈರುಳ್ಳಿ ಬೆಳ್ಳುಳ್ಳಿ ಇಲ್ಲ, ಹುಳಿ ಖಾರ ಹಗುರ. ಅಮ್ಮನಿಗೂ ಆಯಿತು, ಅಪ್ಪನಿಗೂ ಆಯಿತು, ನಂಜುಂಡಣ್ಣನ ಹುಣ್ಣಿಗೂ ಆಯಿತು. ಹಯಾಶಿಯಂತೂ ಮೂರು ಸಲ ಹಾಕಿಸಿಕೊಂಡು, "ವೈಫ್ ಪೌಡರ್!" ಎಂದು ಅವಳಿಗೆ ತಲೆಬಾಗಿದರು. ನಾನೂ ಆಸೆಯಿಂದ ತಟ್ಟೆ ಮುಂದೆ ಮಾಡಿದೆ.

ಸೌಟು ನನ್ನ ತಟ್ಟೆಯನ್ನು ದಾಟಿ ಹೋಯಿತು. ಅವಳು ನನ್ನ ಮುಂದೆ ನಾಲ್ಕೂ ಪಾತ್ರೆಗಳನ್ನು ಒಂದೊಂದಾಗಿ ತಂದಿಟ್ಟಳು.

"ನಿಮಗೆ ನನ್ ಸಾರಿನ ಹದ ಹಿಡಿಸಲ್ವಲ್ಲ," ಎಂದಳು.

ಜಪಾನಿನಲ್ಲಿ ಒಂದು ತಿಂಗಳು ಇದ್ದರೂ ಆಗದ್ದು ದೊಡ್ಡಬಳ್ಳಾಪುರದಲ್ಲಿ ಒಂದು ಮಧ್ಯಾಹ್ನಕ್ಕೆ ಆಯಿತು. ಜೀವಮಾನದಲ್ಲಿ ಮೊದಲ ಸಲ ನಾನು ರಾಮೆನ್ ತಿಂದೆ. ನಾಲ್ಕು ಥರದ್ದು! ಒಂದೂ ಚೆನ್ನಾಗಿರಲಿಲ್ಲ.