ತೆಪ್ಪೋತ್ಸವದಲ್ಲಿ ನನ್ನ ಕೈ ನಡುಗಿದ್ದು

ಕಾಫಿ ಫಿಲ್ಟರಿನ ತೂತುಗಳು ಕಟ್ಟಿಕೊಂಡಿದ್ದವು. ಸೂಜಿ ಹಿಡಿದು ಒಂದೊಂದನ್ನೇ ಬಿಡಿಸುತ್ತ ಕೂತಿದ್ದೆ. ಅಷ್ಟರಲ್ಲಿ ಕೋಣನಕುಂಟೆಯಲ್ಲಿ ನಾವು ಹೋಗುವ ದೇವಸ್ಥಾನದ ಅರ್ಚಕರಿಂದ ನಮ್ಮ ಯಜಮಾನರಿಗೆ ಫೋನ್ ಬಂತು. ಸ್ಪೀಕರಿನಲ್ಲಿ ನನಗೂ ಕೇಳಿಸಿತು.

“ಸಾರ್, ತೆಪ್ಪದ ಡ್ರಮ್ಮು ತೂತಾಗ್ಬಿಟ್ಟಿದೆ. ಇವತ್ತು ಸಂಜೇನೇ ಉತ್ಸವ. ನಿಮ್ಮ ರಿಮೋಟ್ ದೋಣಿ ಇದ್ಯಲ್ಲ, ಅದು ದೇವರನ್ನ ಹೊರುತ್ತಾ?”

ಸಾರಿಗೆ ಯಾವ ತರಕಾರಿ ಹಾಕಲಿ ಎಂದರೂ ಅರ್ಧ ಗಂಟೆ ಯೋಚಿಸುವ ಮನುಷ್ಯ. “ಹೊರುತ್ತೆ” ಎಂದುಬಿಟ್ಟರು!

ನಮ್ಮವರು ಕಾರ್ಖಾನೆಯೊಂದರ ಎಲೆಕ್ಟ್ರಿಕಲ್ ವಿಭಾಗದಿಂದ ನಿವೃತ್ತರಾದವರು. ಆಮೇಲಿಂದ ಜೆ.ಪಿ. ನಗರದ ನಮ್ಮ ಮನೆಯ ಊಟದ ಮೇಜಿನ ಅರ್ಧಭಾಗ ಹಡಗು ಕಟ್ಟುವ ಕಾರ್ಖಾನೆ. ಇನ್ನರ್ಧದಲ್ಲಿ ಊಟ. ಸಾರಿನಲ್ಲಿ ಈವರೆಗೆ ಸಿಕ್ಕಿರುವುದು ಒಂದೇ ಒಂದು ಸ್ಕ್ರೂ, ಅದೂ ಅವರ ತಟ್ಟೆಯಲ್ಲೇ. ದೇವರು ದೊಡ್ಡವನು.

“ಒಂದೇ ತೊಂದರೆ ಸಾರ್,” ಎಂದರು ಅರ್ಚಕರು. “ನಮ್ಮ ಉತ್ಸವಮೂರ್ತಿ ಭಾರ. ಚಿಕ್ಕ ವಿಗ್ರಹ ಏನಾದ್ರೂ ಇದ್ರೆ ಅದರಲ್ಲೇ ಆವಾಹನೆ ಮಾಡೋಣ.”

ಯಜಮಾನರು ನಮ್ಮ ದೇವರ ಮನೆಯ ಕಡೆ ನೋಡಿದರು. ನನ್ನ ಕೈಯಿಂದ ಸೂಜಿ ಜಾರಿತು.

ಅಲ್ಲಿರುವುದು ನಾಲ್ಕು ಬೆರಳು ಎತ್ತರದ ಬೆಳ್ಳಿಯ ಶ್ರೀನಿವಾಸ. ನಮ್ಮತ್ತೆ ಕೊನೆಗಾಲದಲ್ಲಿ ನನ್ನ ಸೆರಗಿಗೆ ಹಾಕಿ, “ಇವನನ್ನ ಒಂದಿನಾನೂ ಉಪವಾಸ ಕೆಡವಬೇಡ ಕಣೆ ಸರೋಜಾ” ಅಂದಿದ್ದರು. ಅಂದಿನಿಂದ ಮೈಸೂರಿಗೆ ಹೋದರೂ ಸ್ಟೀಲ್ ಡಬ್ಬಿಯಲ್ಲಿ ಕೂರಿಸಿಕೊಂಡೇ ಹೋಗುತ್ತೇನೆ. ಅಂಥವನನ್ನು ಆ ಕಲ್ಯಾಣಿಯ ಹಸಿರು ನೀರಿನ ಮೇಲೆ ಬಿಡುವುದೆ? ಅದು ಎರಡಾಳು ಆಳ, ತಳದಲ್ಲೆಲ್ಲ ಕೆಸರು. ಅರ್ಚಕರ ಕನ್ನಡಕವೇ ಬಿದ್ದು ವರ್ಷಗಳಾದವು, ಇನ್ನೂ ಸಿಕ್ಕಿಲ್ಲ.

“ಮುಳುಗಿದ್ರೆ?” ಎಂದೆ.

“ಮುಳುಗಲ್ಲ. ಟೆಲಿಮೆಟ್ರಿ ಇದೆ.” ಬೇರೆಯವರು ಗುರುಬಲ ಇದೆ ಎನ್ನುವ ಧಾಟಿಯಲ್ಲಿ ಹೇಳಿದರು.

ಈ ಟೆಲಿಮೆಟ್ರಿಯ ಮಹಿಮೆಯನ್ನು ನಾನು ಕಣ್ಣಾರೆ ಕಂಡಿದ್ದೆ. ಮೋಟಾರಿಗೆ ಅಂಟಿಸಿದ ಅಕ್ಕಿಕಾಳಿನಷ್ಟು ವಸ್ತು ಅದರ ಮೈಬಿಸಿ ಅಳೆಯುತ್ತದೆ. ಬ್ಯಾಟರಿಯಲ್ಲಿ ಎಷ್ಟು ಉಸಿರಿದೆ ಎಂದು ಇನ್ನೊಂದು ನೋಡಿಕೊಳ್ಳುತ್ತದೆ. ತಂತಿಯಿಲ್ಲ, ದಾರವಿಲ್ಲ. ನೀರಿನ ನಡುವಿನಿಂದ ದೋಣಿ ತನ್ನ ಕಷ್ಟಸುಖವನ್ನು ದಡದಲ್ಲಿರುವ ಫೋನಿಗೆ ಹೇಳಿ ಕಳಿಸುತ್ತದೆ! ಮೊದಲ ಸಲ ಕೆರೆಯ ಹತ್ತಿರ ತೋರಿಸಿದಾಗ ನಾನು ಬಾಯಿ ತೆರೆದುಕೊಂಡು ನಿಂತಿದ್ದೆ. ಮೂವತ್ತೈದು ವರ್ಷದಿಂದ ಜೊತೆಗಿರುವ ಈ ಮನುಷ್ಯನಿಗೆ ಜ್ವರ ಬಂದರೆ ನಾನೇ ಹಣೆ ಮುಟ್ಟಿ ಕಂಡುಹಿಡಿಯಬೇಕು. ಅವರ ದೋಣಿ ಮಾತ್ರ ತಾನಾಗೇ ಹೇಳುತ್ತದೆ.

ಫೋನ್ ನೋಡುವ ಕೆಲಸ ನನ್ನದಾಯಿತು. ದೋಣಿ ಕಾಣಲು ಅವರಿಗೆ ದೂರದ ಕನ್ನಡಕ ಬೇಕು, ಅದನ್ನು ಹಾಕಿದರೆ ಅಂಗೈಯಲ್ಲಿರುವುದು ಕಾಣುವುದಿಲ್ಲ.

ಮಧ್ಯಾಹ್ನ ಮೇಜಿನ ಮುಂದೆ ಕೂರಿಸಿ ತರಬೇತಿ ಕೊಟ್ಟರು. “ನಲವತ್ತೈವತ್ತು ಡಿಗ್ರಿ ಆದ್ರೆ ಏನೂ ಯೋಚನೆ ಇಲ್ಲ. ಎಪ್ಪತ್ತು ದಾಟಿದ್ರೆ ಫೋನು ಕೂಗುತ್ತೆ, ತಕ್ಷಣ ನಂಗೆ ಹೇಳು. ತೊಂಬತ್ತಾದ್ರೆ ದೋಣಿ ತಾನೇ ನಿಂತೋಗುತ್ತೆ. ಇನ್ನೊಂದು ವಿಷ್ಯ, ಹಿಂದುಗಡೆ ಫ್ಯಾನ್ ತಿರುಗುತ್ತೆ, ಅಲ್ಲಿ ಏನೂ ಕಟ್ಟಬೇಡ.”

“ಅಷ್ಟೂ ಗೊತ್ತಾಗಲ್ವಾ ನಂಗೆ?” ಎಂದೆ.

ಗೊತ್ತಾಗಲಿಲ್ಲ. ಎರಡೂವರೆ ಅಡಿಯ ದೋಣಿಗೆ ಮುಂದೆ ಸೇವಂತಿಗೆ, ಎರಡೂ ಪಕ್ಕ ಕನಕಾಂಬರ ಕಟ್ಟಿದೆ. ನಡುವೆ ಶ್ರೀನಿವಾಸ ಕೂತ. ಹಿಂದುಗಡೆ ಮಾತ್ರ ಬೋಳು. ಭಗವಂತನ ಬೆನ್ನ ಹಿಂದೆ ಬೋಳು ಬಿಟ್ಟು ಮೆರವಣಿಗೆ ಕಳಿಸಲು ನನಗೆ ಮನಸ್ಸು ಬರಲಿಲ್ಲ. ಒಂದೇ ಒಂದು ಮೊಳ ಮಲ್ಲಿಗೆ ಇಳಿಬಿಟ್ಟೆ. ದೂರದ ಕನ್ನಡಕ ಹಾಕಿದ್ದವರಿಗೆ ಹತ್ತಿರದ ಹೂ ಕಾಣಲಿಲ್ಲ.

ಕಲ್ಯಾಣಿಯ ಬಳಿ ಅರ್ಚಕರು, “ಹೆಂಗಸರು ಈ ಕಡೆ ಮೆಟ್ಲು, ಗಂಡಸರು ಆ ಕಡೆ!” ಎಂದು ಕೂಗಿ ನಮ್ಮಿಬ್ಬರನ್ನೂ ಬೇರೆ ಮಾಡಿದರು. ನಾನು ಈ ದಡ, ಯಜಮಾನರು ಆ ದಡ, ಶ್ರೀನಿವಾಸ ನಡುನೀರು.

ಆದರೆ ಎಂಥ ನೋಟ! ಮುಸ್ಸಂಜೆಯ ನೀರಿನಲ್ಲಿ ಎರಡು ದೀಪ, ಅವುಗಳ ನಡುವೆ ಪುಟ್ಟ ಸ್ವಾಮಿ. ಹುಟ್ಟು ಹಾಕುವವರಿಲ್ಲ, ಹಗ್ಗ ಎಳೆಯುವವರಿಲ್ಲ. ದೋಣಿ ತನ್ನಷ್ಟಕ್ಕೇ ತಿರುಗುತ್ತಿದೆ. ಪಕ್ಕದ ಮನೆಯ ಪದ್ಮಕ್ಕ ನನ್ನ ಭುಜಕ್ಕೆ ಒರಗಿ, “ಅಯ್ಯೋ ಸರೋಜಾ, ತಿರುಪತೀಲೂ ಇಷ್ಟು ಹೊತ್ತು ನೋಡೋಕೆ ಬಿಡಲ್ಲ ಕಣ್ರೀ” ಎಂದರು. ಫೋನಿನಲ್ಲಿ ನಲವತ್ನಾಲ್ಕು ಡಿಗ್ರಿ. ಮೊದಲ ಸುತ್ತು ಮುಗಿಯಿತು.

ಎರಡನೇ ಸುತ್ತಿಗೆ ಮಂಗಳಾರತಿ ಎತ್ತಿದರು. ವಾಲಗ ಏರಿತು, ಗಂಟೆ, ಜಾಗಟೆ, ಡೋಲು ಎಲ್ಲ ಒಟ್ಟಿಗೆ. ಮಂಗಳಾರತಿಯ ಹೊತ್ತಿನಲ್ಲಿ ಯಾರಾದರೂ ಫೋನ್ ನೋಡುತ್ತಾರೆಯೆ? ಹುಟ್ಟಿದಾಗಿನಿಂದ ಮಾಡಿದ್ದನ್ನೇ ಮಾಡಿದೆ. ಫೋನನ್ನು ಅಂಗೈಗಳ ನಡುವೆ ಇಟ್ಟುಕೊಂಡು ಕೈ ಮುಗಿದೆ. ಕಣ್ಣು ಮುಚ್ಚಿದೆ.

ಆಗ ನನ್ನ ಕೈ ನಡುಗತೊಡಗಿತು.

ಮೊದಲು ಮೆಲ್ಲಗೆ, ಆಮೇಲೆ ತಡೆತಡೆದು. ಮೊಣಕೈವರೆಗೆ ಜುಮ್ಮೆಂದಿತು. ಮೈಯಲ್ಲಿ ಕೂದಲು ನಿಮಿರಿತು. ಐವತ್ತೆಂಟು ವರ್ಷದ ಬಾಳಿನಲ್ಲಿ ನನಗೆ ಇಂಥದ್ದು ಒಮ್ಮೆಯೂ ಆಗಿರಲಿಲ್ಲ! ಕಣ್ಣಲ್ಲಿ ನೀರು ಬಂತು. “ಪದ್ಮಕ್ಕ, ನನ್ನ ಕೈ ಮುಟ್ಟಿ ನೋಡಿ” ಎಂದೆ.

ಪದ್ಮಕ್ಕ ಮುಟ್ಟಿದರು. “ಅಮ್ಮಾ! ಏನ್ರೀ ಇದು! ಸ್ವಾಮಿ ಸನ್ನಿಧಾನ ಕಣ್ರೀ!”

“ನಂಗೂ ಒಂದ್ಸಲ ಆಂಟಿ” ಎಂದಿತು ಇನ್ನೊಂದು ಕೈ. ಹಿಂದೆ ಮತ್ತೊಂದು. ಮೆಟ್ಟಿಲಿನ ಮೇಲೆ ಸಾಲು ನಿಂತಿತು. ಒಬ್ಬೊಬ್ಬರೂ ಮುಟ್ಟಿ ಕಣ್ಣಿಗೊತ್ತಿಕೊಂಡರು. “ನೋಡ್ರೀ, ನೀರಿನ ಮೇಲೆ ಧೂಪ ಬೇರೆ ಹಾಕಿದಾರೆ!” ಎಂದರು ಯಾರೋ. ನಾನು ಭಕ್ತಿಯಿಂದ ಉಸಿರೆಳೆದುಕೊಂಡೆ. ಸಾಂಬ್ರಾಣಿಯ ಬದಲು ಸುಟ್ಟ ಪ್ಲಾಸ್ಟಿಕ್ ವಾಸನೆ ಬಂತು.

ಕಣ್ಣು ಬಿಟ್ಟೆ.

ದೋಣಿ ಕಲ್ಯಾಣಿಯ ನಟ್ಟನಡುವೆ ನಿಂತಿತ್ತು. ಆ ದಡದಲ್ಲಿ ಯಜಮಾನರು ಒಂದು ಕೈ ಎತ್ತಿ ಕುಣಿಯುತ್ತಿದ್ದರು. ಅವರಿಗೂ ದೇವರು ಬಂದಿತೇನೋ ಎಂದು ಒಂದು ಕ್ಷಣ ಅನ್ನಿಸಿತು. ಅಷ್ಟರಲ್ಲಿ ವಾಲಗ ನಿಂತಿತು.

“ಎಷ್ಟೇ? ಡಿಗ್ರಿ ಎಷ್ಟೇ?”

ಮುಗಿದ ಕೈ ಬಿಡಿಸಿದೆ. ಫೋನು ಕೆಂಪಾಗಿ ಗುರ್ ಗುರ್ ಎಂದು ನಡುಗುತ್ತಿತ್ತು. ಅದು ಅಷ್ಟು ಹೊತ್ತೂ ಕೂಗಿದ್ದನ್ನು ನಾನು ಊರಿಗೆಲ್ಲ ಹಂಚುತ್ತಿದ್ದೆ!

“ತೊಂಬತ್ಮೂರು ರೀ!” ಎಂದು ಕೂಗಿದೆ. ದೋಣಿ ಒಂದು ಪಕ್ಕಕ್ಕೆ ವಾಲಿದಂತೆ ಕಂಡಿತು. ಒಂದು ಅಲೆ ಸಾಕು, ಅತ್ತೆಯ ಶ್ರೀನಿವಾಸ ಕೆಸರಿಗೆ. ನಾಳೆ ಬೆಳಿಗ್ಗೆ ಯಾರಿಗೆ ಹಾಲು ಇಡಲಿ?

“ಫ್ಯಾನಿಗೆ ಏನೋ ಸುತ್ಕೊಂಡಿದೆ!” ಎಂದು ಅವರು ಕೂಗಿದರು.

ಮುಚ್ಚಿಡುವ ಹೊತ್ತಾಗಿರಲಿಲ್ಲ. “ಮಲ್ಲಿಗೆ ರೀ! ಹಿಂದುಗಡೆ ಒಂದು ಮೊಳ ನಾನೇ ಕಟ್ಟಿದ್ದೆ!”

ಇಡೀ ದೇವಸ್ಥಾನ ನನ್ನನ್ನು ನೋಡಿತು. ಯಜಮಾನರು ಹಣೆ ಹಣೆ ಚಚ್ಚಿಕೊಂಡರು. ಆಮೇಲೆ ಸಮಾಧಾನದ ದನಿಯಲ್ಲಿ, “ಐವತ್ತಕ್ಕೆ ಇಳಿಯೋವರ್ಗೂ ಮುಟ್ಟೋ ಹಾಗಿಲ್ಲ. ಇಳಿದ ಮೇಲೆ ಉಲ್ಟಾ ತಿರುಗಿಸಿ ನೋಡ್ತೀನಿ, ದಾರ ಬಿಚ್ಕೋಬಹುದು. ನೀನು ನಂಬರ್ ಹೇಳ್ತಾ ಇರು. ಕಣ್ಣು ಮಾತ್ರ ಮುಚ್ಚಬೇಡ ಮಾರಾಯ್ತಿ!” ಎಂದರು.

ನಾನು ಹೇಳತೊಡಗಿದೆ. “ತೊಂಬತ್ತು!”

“ಗೋವಿಂದಾ!” ಎಂದರು ಪದ್ಮಕ್ಕ, ಅಭ್ಯಾಸಬಲದಿಂದ.

“ಎಂಬತ್ತಾರು!”

“ಗೋವಿಂದಾ!” ಈ ಸಲ ಮೆಟ್ಟಿಲಿನ ಹೆಂಗಸರೆಲ್ಲ ಸೇರಿದರು. ಎಪ್ಪತ್ತೊಂಬತ್ತಕ್ಕೆ ಆ ಕಡೆಯ ಗಂಡಸರೂ ಸೇರಿಕೊಂಡರು. ಜನ್ಮದಲ್ಲಿ ಮೈಕಿನ ಮುಂದೆ ನಿಲ್ಲದ ನಾನು ಕಲ್ಯಾಣಿಗೆಲ್ಲ ಕೇಳುವಂತೆ ಸಂಖ್ಯಾನಾಮ ಪಾರಾಯಣ ಮಾಡಿಸಿದೆ! ಕಾರ್ತಿಕದ ತಂಪು ಗಾಳಿ ಬೀಸುತ್ತಿತ್ತು, ಅದೂ ಅವನ ದಯೆ. ಅಷ್ಟು ದೂರದ ನೀರಿನ ಮೇಲೆ, ಕತ್ತಲಾಗುತ್ತಿದ್ದಾಗ, ಒಂದು ಕಾಳಿನಷ್ಟು ವಸ್ತು ನನಗೆ ಬಿಸಿ ಇಳಿಯುತ್ತಿದೆ, ಇಳಿಯುತ್ತಿದೆ ಎಂದು ತಪ್ಪದೆ ಹೇಳುತ್ತಲೇ ಇತ್ತು. ಹೆದರಿಕೆಯ ನಡುವೆಯೂ ಅದಕ್ಕೊಂದು ನಮಸ್ಕಾರ ಹಾಕಬೇಕೆನಿಸಿತು. ಕೈ ಮುಗಿಯಲಿಲ್ಲ, ಬುದ್ಧಿ ಬಂದಿತ್ತು.

ಕಾಲು ಗಂಟೆಯಾಗಿರಬೇಕು. “ನಲವತ್ತೊಂಬತ್ತು!” ಎಂದೆ.

ಯಾರೂ ಗೋವಿಂದ ಎನ್ನಲಿಲ್ಲ. ಎಲ್ಲರೂ ಕತ್ತು ಚಾಚಿ ದೋಣಿಯನ್ನೇ ನೋಡುತ್ತಿದ್ದರು. ದೋಣಿ ಹಿಂದಕ್ಕೆ ಒಮ್ಮೆ ಜಗ್ಗಿತು, ನಿಂತಿತು. ಮತ್ತೊಮ್ಮೆ ಜಗ್ಗಿತು. ಆಮೇಲೆ ಅದರ ಹಿಂದಿನಿಂದ ನೀರಿನ ಮೇಲೆ ಬೆಳ್ಳಗೆ ಏನೋ ಹರಡಿಕೊಂಡಿತು. ನನ್ನ ಮಲ್ಲಿಗೆ! ಎಸಳೆಸಳಾಗಿ ಬಿಚ್ಚಿ ತೇಲಿಬಂತು. ಹೂವಿನ ನಡುವಿನಿಂದ ಶ್ರೀನಿವಾಸ ಮೆಲ್ಲಮೆಲ್ಲಗೆ ಮೆಟ್ಟಿಲಿಗೆ ಬಂದು ಮುಟ್ಟಿದ. ಸೆರಗು ಹಿಡಿದೆ, ಅರ್ಚಕರು ಅವನನ್ನು ಅದರಲ್ಲೇ ಇಟ್ಟರು. ಬೆಳ್ಳಿ ತಣ್ಣಗಿತ್ತು.

ಹೊರಡುವಾಗ ಪದ್ಮಕ್ಕ ನನ್ನ ತೋಳು ಹಿಡಿದರು. “ನಾಳೆ ಬಂದು ನಮ್ಮತ್ತೆ ಮಂಡಿ ಮೇಲೆ ಒಂದ್ಸಲ ಕೈ ಇಡ್ತೀರಾ? ನಿಮ್ಮ ಕೈಯಲ್ಲಿ ಏನೋ ಇದೆ ರೀ.”

ಇನ್ನು ತಡೆಯಲಾಗಲಿಲ್ಲ. “ಇದ್ದಿದ್ದು ಫೋನು ಪದ್ಮಕ್ಕ” ಎಂದು ಹೇಳಿ, ನಡುಗಿಸಿ ಅವರ ಅಂಗೈಯಲ್ಲಿಟ್ಟು ತೋರಿಸಿದೆ.

ಪದ್ಮಕ್ಕ ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿದರು. “ಹಾಗಾದ್ರೆ ಫೋನೇ ಕೊಟ್ಟಿರಿ. ಬೆಳಿಗ್ಗೆ ವಾಪಸ್ ಕೊಡ್ತೀನಿ” ಎಂದರು.

ಮನೆಗೆ ಬಂದು ಸ್ವಾಮಿಗೆ ಹಾಲಿನ ಅಭಿಷೇಕ ಮಾಡಿ ಅವನ ಜಾಗದಲ್ಲಿ ಕೂರಿಸಿದೆ. ಯಜಮಾನರು ಬಾಗಿಲಲ್ಲಿ ನಿಂತು, “ಕೈ ನಡುಗಿದಾಗ ನಿಜವಾಗ್ಲೂ ಏನನ್ನಿಸ್ತು?” ಎಂದು ಕೇಳಿದರು.

“ದೇವರು ಬಂದ ಅನ್ನಿಸ್ತು.”

“ಬಂದಿದ್ದು ಎಪ್ಪತ್ತೊಂದು ಡಿಗ್ರಿ” ಎಂದರು. ಆದರೂ ಒಳಗೆ ಬಂದು ತೀರ್ಥ ತೆಗೆದುಕೊಂಡರು.

ಇಷ್ಟೆಲ್ಲ ಜನ ಮುಟ್ಟಿ ಕಣ್ಣಿಗೊತ್ತಿಕೊಂಡ ಕೈ, ಬೆಳಿಗ್ಗೆ ಮಹಡಿಯ ಮೇಲೆ ಒಣಹಾಕಿದ ಬಟ್ಟೆಯನ್ನು ತೆಗೆಯುವುದನ್ನೇ ಮರೆತಿತ್ತು. ಇಬ್ಬನಿ ಬಿದ್ದು ಎಲ್ಲ ಮತ್ತೆ ಒದ್ದೆ. ಬುಟ್ಟಿ ಹಿಡಿದು ಮೆಟ್ಟಿಲು ಹತ್ತಿದೆ.