ನಮ್ಮ ಕಲರ್ ಟಿ.ವಿ.ಯಲ್ಲಿ ಕಪ್ಪು-ಬಿಳುಪು ಪ್ರೇಮ

ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ಟಿ.ವಿ. ರಿಪೇರಿಯ ಬಗ್ಗೆ ನನ್ನಷ್ಟು ತಿಳಿದವರು ಯಾರೂ ಇಲ್ಲ ಎಂದು ನಾನು ನಂಬಿದ್ದ ಕಾಲವೊಂದಿತ್ತು. ಈ ನಂಬಿಕೆಗೆ ಆಧಾರವೇನೂ ಇರಲಿಲ್ಲ. ನನ್ನದು ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಗುಮಾಸ್ತಿಕೆ. ಆದರೆ ಮನೆಗೆ ಕಲರ್ ಟಿ.ವಿ. ಬಂದ ದಿನ ಅದರ ಪ್ಲಗ್ ಚುಚ್ಚಿದವನು ನಾನೇ, ಚಿತ್ರ ಬಂದಿತ್ತು ಕೂಡ. ಅಷ್ಟು ಸಾಕಾಗಿತ್ತು.

ಗುರುವಾರ ಸಂಜೆ ಹಿಂದಿಯಲ್ಲಿ ಒಂದು ವೈಜ್ಞಾನಿಕ ಧಾರಾವಾಹಿ ಬರುತ್ತಿತ್ತು. ನನ್ನ ಹೆಂಡತಿ ಪದ್ಮಳಿಗೆ ಹಿಂದಿ ಬಾರದು. ಪಕ್ಕದ ಮನೆಯ ಮೆಹರುನ್ನೀಸಾ ಬಂದು ಜೊತೆಗೆ ಕೂತು ಒಂದೊಂದು ಮಾತನ್ನೂ ಕನ್ನಡದಲ್ಲಿ ಹೇಳುತ್ತಿದ್ದರು. ಹಿಂದಿನ ವಾರದ ಕಂತಿನಲ್ಲಿ ಒಬ್ಬ ಒಂಟಿ ವಿಜ್ಞಾನಿ, ಹಳೇ ಸಿನಿಮಾದೊಳಕ್ಕೆ ಮನುಷ್ಯ ಹೊಕ್ಕು ಓಡಾಡಬಹುದಾದ ಯಂತ್ರ ಕಟ್ಟಿದ್ದ. ಆ ಸಿನಿಮಾದ ನಾಯಕಿ ಎಂದರೆ ಅವನಿಗೆ ಪ್ರಾಣ. ರೀಲು ಮುಗಿಯುವುದರೊಳಗೆ ಹೊರಗೆ ಬರದಿದ್ದರೆ ಶಾಶ್ವತವಾಗಿ ಅಲ್ಲೇ ಇರಬೇಕು. ಯಂತ್ರದ ಬಾಗಿಲು ಮುಚ್ಚುವಲ್ಲಿಗೆ ಕಂತು ಮುಗಿದಿತ್ತು.

ಪದ್ಮ ವಾರವಿಡೀ ಅವನ ಚಿಂತೆಯಲ್ಲೇ ಇದ್ದಳು. ಗುರುವಾರ ಬೆಳಿಗ್ಗೆ ಉಪ್ಪಿಟ್ಟು ಬಡಿಸುತ್ತ ಕೇಳಿದಳು.

"ರೀ, ಇವತ್ತೊಂದಿನ ನನ್ ಪಕ್ಕ ಕೂತ್ಕೊಂಡು ಪೂರ್ತಿ ನೋಡ್ತೀರಾ? ಮದ್ವೆ ಆದಾಗಿಂದ ನಾವಿಬ್ರೂ ಒಟ್ಟಿಗೆ ಕೂತು ಏನನ್ನೂ ಕೊನೇವರ್ಗೂ ನೋಡಿಲ್ಲ."

"ಅದೇನ್ ಮಹಾ, ಆಯ್ತು ಬಿಡು" ಎಂದೆ. ಸೀರೆ ಕೇಳಲಿಲ್ಲ, ಒಡವೆ ಕೇಳಲಿಲ್ಲ. ಬರೀ ಕೂತುಕೊಳ್ಳುವ ಕೆಲಸ. ಅದರಲ್ಲಿ ನನಗೆ ಸರ್ಕಾರಿ ಅನುಭವವೇ ಇತ್ತು.

ಸಂಜೆ ಪದ್ಮ ಹೊಸ ಚಾಪೆ ಹಾಸಿದಳು. ಮುಡಿಯಲ್ಲಿ ಕನಕಾಂಬರ ಬೇರೆ. ಮೆಹರುನ್ನೀಸಾ ಕುರ್ಚಿಯಲ್ಲಿ, ನಾವಿಬ್ಬರು ಚಾಪೆಯ ಮೇಲೆ. ಕಂತು ಶುರುವಾಯಿತು. ಕೆಂಪು ದೀಪ, ಹಸಿರು ದೀಪ, ನೀಲಿ ಹೊಗೆ. ಯಂತ್ರ ಗುಂಯ್‌ಗುಟ್ಟಿತು. ವಿಜ್ಞಾನಿ ಕಣ್ಣು ಮುಚ್ಚಿ ತೆರೆದ. ಬಣ್ಣ ಹೋಯಿತು.

"ಕಲರ್ ಹೋಯ್ತು" ಎಂದು ಎದ್ದುನಿಂತೆ.

"ಕೂತ್ಕೊಳ್ಳಿ" ಎಂದಳು ಪದ್ಮ, ತೆರೆಯಿಂದ ಕಣ್ಣು ಕೀಳದೆ.

ಹೇಗೆ ಕೂರಲಿ? ಬಂದು ತಿಂಗಳಾಗದ ಟಿ.ವಿ. ಇದ್ದಬದ್ದ ತಿರುಗಣೆಗಳನ್ನೆಲ್ಲ ತಿರುಗಿಸಿದೆ. ನಾಯಕಿ ಒಮ್ಮೆ ಉದ್ದವಾದಳು, ಒಮ್ಮೆ ಗಿಡ್ಡವಾದಳು, ಬಣ್ಣ ಮಾತ್ರ ಬರಲಿಲ್ಲ. ಟಿ.ವಿ.ಯ ಕೆನ್ನೆಗೆ ಎರಡು ಬಿಟ್ಟೆ. ನಾಯಕಿ ಬೆಚ್ಚಿಬಿದ್ದಂತೆ ಕಂಡಳು.

"ಅಣ್ಣಾ, ಅದಕ್ಕೇನೂ ಆಗಿಲ್ಲ, ಅವನು ಒಳಗೆ..." ಎಂದು ಮೆಹರುನ್ನೀಸಾ ಏನೋ ಹೇಳಹೊರಟರು.

"ನೀವು ಸುಮ್ನಿರಿ ತಾಯಿ, ಇದು ಟೆಕ್ನಿಕಲ್ ವಿಷ್ಯ" ಎಂದೆ.

"ರೀ, ಕೂತ್ಕೊಳ್ರೀ."

ಆಂಟೆನಾ ತಿರುಗಿರಬೇಕು ಎಂಬ ತೀರ್ಮಾನಕ್ಕೆ ಬಂದೆ. "ಪದ್ಮ, ನೀನು ಬಾಗ್ಲಲ್ಲಿ ನಿಂತ್ಕೊ. ಬಣ್ಣ ಬಂದ ತಕ್ಷಣ ಕೂಗು" ಎಂದು ಪಂಚೆ ಎತ್ತಿಕಟ್ಟಿದೆ.

"ಬೇಡ ಕಣ್ರೀ. ನಂಗೆ ಹಿಂಗೇ ಚೆನ್ನಾಗಿದೆ. ಬಂದು ಕೂತ್ಕೊಳ್ಳಿ" ಎಂದಳು. ಆಗಲೇ ನಾನು ಏಣಿ ಹತ್ತುತ್ತಿದ್ದೆ. ಪಾಪ, ಎದ್ದು ಬಂದು ಬಾಗಿಲಲ್ಲಿ ನಿಂತಳು.

ಮಾಳಿಗೆಯ ಮೇಲೆ ನೋಡುತ್ತೇನೆ, ನಾನೊಬ್ಬನೇ ಅಲ್ಲ. ಎದುರು ಮನೆಯ ರಾಮಕೃಷ್ಣಪ್ಪನವರು ಬನಿಯನ್ನಿನಲ್ಲಿ ಕಂಬ ತಬ್ಬಿ ನಿಂತಿದ್ದಾರೆ. ಅವರಾಚೆ ಬಟ್ಟೆ ಅಂಗಡಿಯವರು. ಇನ್ನೂ ಆಚೆ ಯಾರೋ ಟಾರ್ಚು ಹಿಡಿದಿದ್ದಾರೆ. ಊರಿನ ಕಲರ್ ಟಿ.ವಿ. ಯಜಮಾನರೆಲ್ಲ ಮಾಳಿಗೆ ಹತ್ತಿದ್ದರು.

"ನಿಮ್ದೂ ಹೋಯ್ತಾ ಸ್ವಾಮಿ?" ಎಂದರು ರಾಮಕೃಷ್ಣಪ್ಪ.

"ಹೋಯ್ತು. ನಿಮ್ದು?"

"ನಮ್ದೂ ಅಷ್ಟೇ. ಬೆಂಗ್ಳೂರಿಂದ್ಲೇ ಕಲರ್ ಕಳಿಸ್ತಾ ಇಲ್ಲ ಅನ್ಸುತ್ತೆ ಕಣ್ರೀ."

ಎಲ್ಲರದೂ ಹೋಗಿದೆ ಎಂದರೆ ಯಾರ ಟಿ.ವಿ.ಯೂ ಕೆಟ್ಟಿಲ್ಲ ಎಂದು ನಮ್ಮಲ್ಲಿ ಒಬ್ಬರಿಗಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಬದಲಿಗೆ, ಮೊದಲು ಬಣ್ಣ ತರುವವರು ಯಾರು ಎಂಬ ಪೈಪೋಟಿ ಶುರುವಾಯಿತು.

"ಬಂತಾ?" ಎಂದು ಕೂಗಿದೆ.

"ಇಲ್ಲ" ಎಂದಳು ಪದ್ಮ.

ಚಿಂತಾಮಣಿ ದಿಕ್ಕಿಗೆ ತಿರುಗಿಸಿದೆ. "ಈಗ?"

"ಇಲ್ಲ. ಇಳ್ದು ಬನ್ರೀ, ರೀಲು ಮುಗೀತಾ ಬಂತಂತೆ."

ಕೊನೆಯದಾಗಿ ಒಂದು ಸಲ ಜೋರಾಗಿ ತಿರುಗಿಸಿದೆ. ಕಂಬ ಬುಡದಿಂದ ಕಿತ್ತು ನನ್ನ ಹೆಗಲ ಮೇಲೆ ಒರಗಿತು. ವೈರು ಫಟ್ಟೆಂದು ಹರಿಯಿತು. ಕೆಳಗೆ ಮೆಹರುನ್ನೀಸಾ, "ಯಾ ಅಲ್ಲಾ" ಎಂದದ್ದು ನನಗೂ ಕೇಳಿಸಿತು.

ಹಲ್ಲಿನಲ್ಲಿ ವೈರು ಕಚ್ಚಿ ಸುಲಿದು, ಗಂಟು ಹಾಕಿ, ಕಂಬವನ್ನು ಗೋಡೆಗೆ ಆನಿಸಿ ನಿಲ್ಲಿಸುವಷ್ಟರಲ್ಲಿ ಬೆವರಿನಲ್ಲಿ ತೊಯ್ದುಹೋಗಿದ್ದೆ.

"ಈಗ ಬಂತಾ?"

"ಬಂತು" ಎಂದಳು ಪದ್ಮ.

"ಕಲರ್ರಾ?"

"ಕಲರ್ರೇ."

ದಿಗ್ವಿಜಯ ಮುಗಿಸಿದ ಮಹಾರಾಜನಂತೆ ಕೆಳಗಿಳಿದೆ. ಟಿ.ವಿ.ಯಲ್ಲಿ ಬಟ್ಟೆ ಸೋಪಿನ ಜಾಹೀರಾತು ಬರುತ್ತಿತ್ತು. ಎಂಥ ಬಣ್ಣ ಅಂತೀರಿ! ಕಂತು ಮುಗಿದುಹೋಗಿತ್ತು.

ಮೆಹರುನ್ನೀಸಾ ಸೆರಗು ಸರಿಮಾಡಿಕೊಂಡು ಎದ್ದರು. "ಅಣ್ಣಾ, ಅವನು ಹಳೇ ಸಿನಿಮಾದೊಳಗೆ ಹೋಗಿದ್ದ ಅಲ್ವಾ? ಹಳೇ ಸಿನಿಮಾ ಕಪ್ಪು ಬಿಳುಪೇ ಅಲ್ವಾ?"

ಪದ್ಮ ಮೆಲ್ಲಗೆ, "ಕೊನೇಲಿ ಏನಾಯ್ತು ಮೆಹರೂ?" ಎಂದಳು.

"ಗೊತ್ತಾಗ್ಲಿಲ್ಲಮ್ಮ. ಇಬ್ರೂ ತೋಟದಲ್ಲಿದ್ರು. ಆಮೇಲೆ ತೆರೆ ತುಂಬ ಬರೀ ಅಕ್ಕಿ ಸುರಿದಂಗೆ ಚುಕ್ಕಿ."

ಪದ್ಮ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಚಾಪೆ ಸುತ್ತಿಟ್ಟು, ಮುದ್ದೆ ಬಡಿಸಿ ಮಲಗಿದಳು. ಇಂಥ ಗಂಡನಾಗಿ ಯಾಕಾದರೂ ಹುಟ್ಟಿದೆನೋ ಅನ್ನಿಸಿಬಿಟ್ಟಿತು. ಕೊನೆ ಏನಾಯಿತೆಂದು ತಿಳಿದು ಬಂದು ಅವಳಿಗೆ ಹೇಳದೆ ಬಿಡುವುದಿಲ್ಲ ಎಂದು ಪಣ ತೊಟ್ಟೆ.

ಮಾರುಕಟ್ಟೆಯಲ್ಲಿ ಕೇಳಿದೆ. ಟಿ.ವಿ. ಇದ್ದವರೆಲ್ಲ ಮಾಳಿಗೆಯ ಮೇಲಿದ್ದವರೇ. ಗೂಡು ತಂದಿದ್ದ ಸಾದಲಿಯ ರೈತರು, "ನಮ್ಮೂರಲ್ಲಿ ಕರೆಂಟೇ ಇರ್ಲಿಲ್ಲ ಬಿಡಿ" ಎಂದರು. ಚಿಂತಾಮಣಿಯಲ್ಲಿದ್ದ ಷಡ್ಡಕನ ಮನೆಗೂ ಹೋದೆ. ಆತ ಟಿ.ವಿ.ಯ ಹಿಂಭಾಗ ಬಿಚ್ಚಿದ್ದವನು ಇನ್ನೂ ಮುಚ್ಚಿರಲಿಲ್ಲ. ನನ್ನನ್ನು ಕಂಡದ್ದೇ ತಡ, "ಬಂದ್ರಾ, ಸ್ವಲ್ಪ ಹಿಡ್ಕೊಳ್ಳಿ" ಎಂದ. ತಪ್ಪಿಸಿಕೊಂಡು ಬಂದೆ.

ಕಡೆಗೆ ಕೆಲಸದ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋದಾಗ, ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಒಂದು ಕಪ್ಪು-ಬಿಳುಪು ಟಿ.ವಿ. ಕಂಡಿತು. ಗಲ್ಲಾದಲ್ಲಿದ್ದ, ತೆಲುಗು ಬೆರೆಸಿ ಮಾತಾಡುವ ಮಾಲೀಕರನ್ನು ಕೇಳಿದೆ.

"ನೋಡ್ದೆ ಸ್ವಾಮಿ, ಪೂರ್ತಿ ನೋಡ್ದೆ. ನಮ್ ಟಿ.ವಿ.ಲಿ ಎಲ್ಲಾನೂ ಕಪ್ಪು ಬಿಳುಪೇ, ನಮಗೇನ್ ಗಾಬ್ರಿ" ಎಂದರು.

"ಕೊನೇಲಿ ಏನಾಯ್ತು?"

"ರೀಲು ಮುಗೀತಾ ಇತ್ತು. ವಾಪಸ್ ಬರೋ ಗುಂಡಿ ಅವನ್ ಕೈಲೇ ಇತ್ತು. ಆಯಮ್ಮ ಕಲ್ ಬೆಂಚಿನ್ ಮೇಲೆ ಕೂತು 'ಬೈಠೋ' ಅಂದ್ಲು. ಗುಂಡಿ ಬಿಸಾಕಿ ಪಕ್ಕದಲ್ಲಿ ಕೂತ್ಕೊಂಡ. ಅಂತೇ. ಅಲ್ಲೇ ಉಂಡಿಪೋಯಾಡು, ಅಲ್ಲೇ ಉಳ್ಕೊಂಡ, ಬರ್ಲೇ ಇಲ್ಲ."

ಖುಷಿಗೆ ಇನ್ನೊಂದು ಕಾಫಿ ಕುಡಿದೆ. ಊರಿಗೆ ಬಂದವನೇ ಚಪ್ಪಲಿ ಕೂಡ ಬಿಡದೆ, ಹೊಸಿಲಲ್ಲೇ ನಿಂತು ಪದ್ಮಳಿಗೆ ಕಥೆಯ ಕೊನೆಯನ್ನು ಅಭಿನಯಸಹಿತ ಒಪ್ಪಿಸಿದೆ. ರೀಲು, ಗುಂಡಿ, ಕಲ್ಲು ಬೆಂಚು, ಯಾವುದನ್ನೂ ಬಿಡಲಿಲ್ಲ. ಅವಳು ಹುರುಳಿಕಾಯಿ ಸೋಸುವುದನ್ನು ನಿಲ್ಲಿಸಿ ಗಮನವಿಟ್ಟು ಕೇಳಿದಳು.

"ಅವಳು ಎಷ್ಟು ಸಲ ಹೇಳಿದ್ಲಂತೆ, ಕೂತ್ಕೋ ಅಂತ?"

"ಒಂದೇ ಸಲ" ಎಂದೆ, ಬಲು ಉತ್ಸಾಹದಿಂದ.

"ಹೂಂ" ಎಂದಳು. ಮೊರ ಎತ್ತಿಕೊಂಡು ಅಡುಗೆಮನೆಗೆ ಹೋದಳು.

ಯಾರೂ ಹೇಳದಿದ್ದರೂ ನಾನು ಕೂತೆ. ಕೂತು, ಆಫ್ ಆಗಿದ್ದ ಟಿ.ವಿ.ಯನ್ನು ಪೂರ್ತಿ ನೋಡಿದೆ.