ಮೂವತ್ತೇಳನೇ ಸಾಲಿನ ಮೇಲ್ಮನವಿ

ಕಳಸದ ತೋಟ ಕಾರ್ಮಿಕರ ನಿವೇಶನ ಹಂಚಿಕೆ ಕಚೇರಿಯಲ್ಲಿ ಕಂಪ್ಯೂಟರ್ ಇದೆ, ಮೌಸ್ ಇಲ್ಲ. ಹಾಗಾಗಿ ಫಲಾನುಭವಿಗಳ ಪಟ್ಟಿಯನ್ನು ಕೀಬೋರ್ಡಿನಿಂದಲೇ ನಡೆಯುವ ಕಪ್ಪು ಪರದೆಯಲ್ಲಿ ಇಡಲಾಗಿತ್ತು. ಅಲ್ಲಿ ಒಂದೊಂದು ಅಕ್ಷರವೂ ಒಂದೊಂದು ಕಮಾಂಡ್.

ಗುತ್ತಿಗೆ ಆಪರೇಟರ್ ರೂಪಶ್ರೀಗೆ ಆ ಕಮಾಂಡುಗಳೆಲ್ಲ ಬಾಯಿಪಾಠ. ಆದರೆ ಸೂಪರಿಂಟೆಂಡೆಂಟ್ ಮಲ್ಲಿಕಾರ್ಜುನಪ್ಪನವರು ನಿಘಂಟು ನೋಡಿ ಸುತ್ತೋಲೆ ಹೊರಡಿಸಿದ್ದರು: "ಕಮಾಂಡ್ ಎಂದರೆ ಆಜ್ಞೆ. ಗುತ್ತಿಗೆ ನೌಕರರು ಸರ್ಕಾರಿ ಯಂತ್ರಕ್ಕೆ ಆಜ್ಞೆ ನೀಡತಕ್ಕದ್ದಲ್ಲ." ಅಂದಿನಿಂದ ಹೆಸರು ಟೈಪ್ ಮಾಡುವುದು ರೂಪಶ್ರೀ, ಆಜ್ಞೆ ಕೊಡುವುದು ಸಾಹೇಬರು ಎಂದಾಯಿತು.

ಒಂದು ಸೋಮವಾರ ಅಂಜನಮ್ಮ ಬಂದರು. ಎಸ್ಟೇಟಿನಲ್ಲಿ ಮೂವತ್ತು ವರ್ಷ ಕಾಫಿ ಕುಯ್ದು ನಿವೃತ್ತರಾದವರು. ಎಸ್ಟೇಟಿನವರು ಕೊಟ್ಟಿದ್ದ ಲೈನ್ ಮನೆ ಖಾಲಿ ಮಾಡಿ ಎಂದು ಲೆಕ್ಕ ಬರೆಯುವ ರೈಟರು ಹೇಳಿಯಾಗಿತ್ತು. ನಿವೇಶನ ಅಳೆದು ತೋರಿಸಿಯೂ ಆಗಿತ್ತು, ಆದರೆ ಪಟ್ಟಿಯ ಮೂವತ್ತೇಳನೇ ಸಾಲಿನಲ್ಲಿ ಅವರ ಹೆಸರು ಅಂಜನಪ್ಪ ಎಂದಿತ್ತು. ತಿದ್ದಲು ಸಾಹೇಬರು ಡಿ ಒತ್ತಿದರು. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದರು. ಸಾಲಿಗೆ ಸಾಲೇ ಮಾಯವಾಯಿತು.

"ಎರಡು ಡಿ ಒತ್ತಿದ್ರೆ ಇಡೀ ಸಾಲು ಹೋಗ್ತದೆ ಸರ್," ಎಂದಳು ರೂಪಶ್ರೀ. "ಯು ಒತ್ತಿ, ವಾಪಸ್ ಬರ್ತದೆ."

"ಬರ್ತದೆ ಅನ್ನೋದು ಬೇರೆ, ಬರಬಹುದಾ ಅನ್ನೋದು ಬೇರೆ ಕಣಮ್ಮ. ನಾನೇ ಅಳಿಸಿ ನಾನೇ ತಂದ್ರೆ ನನ್ನ ಆಜ್ಞೆಗೆ ಏನು ಬೆಲೆ? ಚಿಕ್ಕಮಗಳೂರಿನ ಜಿಲ್ಲಾ ಕಚೇರಿಗೆ ಬರೀಬೇಕು."

ಬರೆದರು. ಫೈಲ್ ಮುಚ್ಚಿದರೆ ಅಳಿಸಿದ ಸಾಲು ಮತ್ತೆ ಸಿಗುವುದಿಲ್ಲ ಎಂದು ರೂಪಶ್ರೀ ವಿವರಿಸಿದ್ದರಿಂದ ಕಂಪ್ಯೂಟರಿನ ಮೇಲೆ ಚೀಟಿ ಅಂಟಿಸಲಾಯಿತು: "ಅಂಜನಮ್ಮನವರು ಒಳಗಿದ್ದಾರೆ. ಸ್ವಿಚ್ ಮುಟ್ಟಬಾರದು."

ಅಂಜನಮ್ಮ ವಾರ ವಾರ ಬಂದು ಪರದೆ ನೋಡಿ ಕೇಳುತ್ತಿದ್ದರು, "ನಾನು ಇದ್ದೀನಾ?"

"ಇದ್ದೀರಿ ಅಮ್ಮ. ಕಾಣೋದಿಲ್ಲ ಅಷ್ಟೆ."

ಐದನೇ ವಾರ, ಹೆಸರಿಲ್ಲದ ನಿವೇಶನವಿದ್ದರೆ ಆಡಿಟ್ ಆಕ್ಷೇಪ ಬರುತ್ತದೆಂದು ಸಾಹೇಬರು ಅದೇ ಜಾಗದಲ್ಲಿ ಹೊಸ ಸಾಲು ತೆರೆದು ಭಾವಮೈದ ಶಶಿಕಿರಣನ ಹೆಸರು ಹೇಳಿ ಬರೆಸಿದರು. ಶಶಿಕಿರಣನಿಗೆ ಆಲ್ದೂರಿನ ಹತ್ತಿರ ಹನ್ನೊಂದು ಎಕರೆ ಕಾಫಿ.

"ಇದು ತೋಟದಲ್ಲಿ ಕೆಲಸ ಮಾಡೋರಿಗೆ ಅಲ್ವಾ ಸರ್?"

"ಅವನೂ ತೋಟದಲ್ಲೇ ಇರ್ತಾನಲ್ಲ."

ರೂಪಶ್ರೀ ಟೈಪ್ ಮಾಡಿದಳು.

ಏಳನೇ ವಾರ ಉತ್ತರ ಬಂತು. ಅಳಿಸಿದ ಅಧಿಕಾರಿಯೇ ಮೇಲ್ಮನವಿ ತೀರ್ಮಾನಿಸುವುದು ನ್ಯಾಯವಲ್ಲವಾದ್ದರಿಂದ, ಯು ಅಕ್ಷರವನ್ನು ಒಂದು ಬಾರಿ ಒತ್ತಲು ರೂಪಶ್ರೀ ಅವರಿಗೆ ಅನುಮತಿ ನೀಡಲಾಗಿತ್ತು. ಅಂಜನಮ್ಮನ ಎದುರಿಗೇ ಅವಳು ಒತ್ತಿದಳು. ಶಶಿಕಿರಣ ಮಾಯವಾದ. ಅಂಜನಮ್ಮ ಬರಲಿಲ್ಲ.

"ಕೊನೆಗೆ ಮಾಡಿದ್ದು ಮೊದಲು ಹೋಗ್ತದೆ ಸರ್. ಇನ್ನೊಂದು ಸಲ ಒತ್ತಿದ್ರೆ ಅಮ್ಮ ಬರ್ತಾರೆ."

ಸಾಹೇಬರು ಪತ್ರವನ್ನು ಮತ್ತೆ ಓದಿದರು. "ಒಂದು ಬಾರಿ. ಅಂಕಿಯಲ್ಲೂ ಇದೆ, ಅಕ್ಷರದಲ್ಲೂ ಇದೆ."

ರೂಪಶ್ರೀಯ ಬೆರಳು ಕೀಲಿಯ ಮೇಲೆಯೇ ಇತ್ತು. ಒತ್ತಿದರೆ ಸದ್ದೂ ಆಗುತ್ತಿರಲಿಲ್ಲ.

"ನಿನ್ನ ಗುತ್ತಿಗೆ ಮುಂದುವರಿಸೋ ಕಾಗದ ನನ್ನ ಟೇಬಲ್ ಮೇಲೇ ಇದೆ," ಎಂದರು ಸಾಹೇಬರು, ಅಕ್ಕರೆಯಿಂದ.

ಅವಳು ಬೆರಳು ತೆಗೆದಳು.

"ಹೋದೋನನ್ನ ತರೋದು ಹೇಗೆ?" ಎಂದರು ಸಾಹೇಬರು.

"ಕಂಟ್ರೋಲ್ ಹಿಡಿದು ಆರ್."

"ಉಳಿಸಿ ಮುಚ್ಚೋದು?"

ರೂಪಶ್ರೀ ಒಂದೊಂದೇ ಅಕ್ಷರ ಹೇಳಿಕೊಟ್ಟಳು. ಸಾಹೇಬರು ಒತ್ತಿದರು. ಶಶಿಕಿರಣ ವಾಪಸ್ ಬಂದ. ಫೈಲ್ ಮುಚ್ಚಿತು.

"ಒತ್ತಿದ್ರಾ ಮಗಾ?" ಎಂದು ಕೇಳಿದರು ಅಂಜನಮ್ಮ.

"ಒತ್ತಿದೆ ಅಮ್ಮ."

"ಕೋರಿಕೆಯಂತೆ ಯು ಒತ್ತಲಾಗಿದೆ. ಮೇಲ್ಮನವಿ ವಿಲೇವಾರಿಯಾಗಿದೆ" ಎಂಬ ಹಿಂಬರಹಕ್ಕೆ ಅಂಜನಮ್ಮ ಹೆಬ್ಬೆಟ್ಟು ಹಾಕಿದರು. ನನಗಾಗಿ ಇಷ್ಟೆಲ್ಲ ಮಾಡಿದಿರಲ್ಲ ಎಂದು ರೂಪಶ್ರೀಗೆ ಕೈಮುಗಿದರು. ಗುತ್ತಿಗೆ ಹನ್ನೊಂದು ತಿಂಗಳು ಮುಂದುವರಿಯಿತು.

ಮುಂದಿನ ತಿಂಗಳು ಶಶಿಕಿರಣ ಪಾಯ ತೋಡಿಸಿದ. ನಿವೇಶನದ ಗಡಿಕಲ್ಲು ಎಲ್ಲಿದೆ ಎಂದು ಮೇಸ್ತ್ರಿಗೆ ಗೊತ್ತಾಗಲಿಲ್ಲ. ಕೂಲಿಗೆ ಬಂದಿದ್ದ ಅಂಜನಮ್ಮ ಪೊದೆ ಸರಿಸಿ ನಾಲ್ಕೂ ಕಲ್ಲು ತೋರಿಸಿ, ಮಣ್ಣಿನ ಬುಟ್ಟಿ ಎತ್ತಿಕೊಂಡರು.